ಬೋರಮ್ಮನ ಮೂರು ತಿಂಗಳ ಮನೆ

ಮಾಗಡಿ ರಸ್ತೆಯಿಂದ ಒಳಗೆ ತಿರುಗಿ ಅನ್ನಪೂರ್ಣೇಶ್ವರಿ ನಗರದ ಆ ಅಡ್ಡರಸ್ತೆಗೆ ಬಂದವರಿಗೆ ರಾಮಯ್ಯನವರ ಮೂರಂತಸ್ತಿನ ಮನೆ ಕಾಣದೇ ಇರುವುದಿಲ್ಲ. ಕಾಣಲಿ ಎಂದೇ ಕಟ್ಟಿಸಿದ್ದು. ಅವರಪ್ಪ ರಾಗಿ ಬೆಳೆಯುತ್ತಿದ್ದ ಜಮೀನು ಲೇಔಟ್ ಆದಾಗ ಕೈಯಲ್ಲಿ ಉಳಿದುಕೊಂಡ ಸೈಟು ಅದು. ಕೆಳಗಿನ ಎರಡು ಮನೆ ಬಾಡಿಗೆಗೆ, ಮೇಲಿನದು ಸ್ವಂತಕ್ಕೆ. "ಓನರ್ ಅಂದ್ಮೇಲೆ ಮೇಲಿರಬೇಕು ಕಣ್ರೀ. ಬಾಡಿಗೆಯವರು ನಮ್ಮ ತಲೆ ಮೇಲೆ ಓಡಾಡೋದು ಏನ್ ಚೆಂದ?" ಎಂದು ರಾಮಯ್ಯ ಬಂದವರಿಗೆಲ್ಲ ಹೇಳುತ್ತಿದ್ದರು. ಅವರ ಹೆಂಡತಿ ಜಯಶೀಲ ಆಗ ತಾನೂ ಹೂಂಗುಟ್ಟಿದವಳೇ. ನಲವತ್ತು ಮೆಟ್ಟಿಲಿನ ರುಚಿ ಅವಳಿಗೆ ಆಮೇಲೆ ಗೊತ್ತಾಯಿತು.

ಆಷಾಢದಲ್ಲಿ ರಾಮಯ್ಯನವರ ತಾಯಿ ಬೋರಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ವಯಸ್ಸು ಎಪ್ಪತ್ತೊಂಬತ್ತು. ಆಪರೇಷನ್ ಮುಗಿದು ಆಸ್ಪತ್ರೆಯಿಂದ ಬಂದ ದಿನ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ರಾಮಯ್ಯ, ಮಗ ರೇವಂತ್, ತಮ್ಮದೇ ಹಾರ್ಡ್‌ವೇರ್ ಅಂಗಡಿಯ ಇಬ್ಬರು ಆಳುಗಳು ಹೊತ್ತು ಮೇಲಕ್ಕೆ ತಂದರು. ಎರಡನೇ ತಿರುವಿನಲ್ಲಿ ಒಬ್ಬನ ಕೈ ಜಾರಿ ಕುರ್ಚಿ ವಾಲಿತು. ಮುದುಕಿ ಕಿರುಚಿದ್ದಕ್ಕೆ ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಹತ್ತು ದಿನಕ್ಕೆ ಡಾಕ್ಟರಿಗೆ ತೋರಿಸಲು ಮತ್ತೆ ಅದೇ ಕುರ್ಚಿ, ಅದೇ ಮೆಟ್ಟಿಲು. ಮನೆಗೆ ವಾಪಸ್ ಬಂದವರೇ ಬೋರಮ್ಮ ಹೇಳಿಬಿಟ್ಟರು:

"ಇನ್ನೊಂದ್ಸತಿ ನನ್ನ ಹಿಂಗೆ ಹೊತ್ಕೊಂಡು ಇಳಿಸ್ಬ್ಯಾಡಿ. ಅದಕ್ಕಿಂತ ಮೇಲಿಂದ ಎತ್ತಿ ಹಾಕ್ಬುಡಿ ಅತ್ಲಾಗೆ."

ಲಿಫ್ಟಿಗೆಂದು ಬಿಟ್ಟಿದ್ದ ಜಾಗದಲ್ಲಿ ರಾಮಯ್ಯ ಅಂಗಡಿಯ ಪೈಪು, ಪೈಂಟು ಡಬ್ಬ ತುಂಬಿಸಿದ್ದರು. ಡಾಕ್ಟರು ಹೇಳಿದ್ದು ಸ್ಪಷ್ಟವಾಗಿತ್ತು. ಮೂರು ತಿಂಗಳು ಮೆಟ್ಟಿಲ ಮಾತೇ ಬೇಡ, ದಿನಾ ವಾಕರ್ ಹಿಡಿದು ನಡೆಸಬೇಕು, ಹತ್ತು ದಿನಕ್ಕೊಮ್ಮೆ ತಂದು ತೋರಿಸಬೇಕು. ನಡೆಸದಿದ್ದರೆ ಹಾಸಿಗೆಯೇ ಗತಿ. ಈ ಮೂರು ಮಾತನ್ನೂ ಒಟ್ಟಿಗೆ ನಡೆಸಿಕೊಡುವ ಮನೆ ಅದಾಗಿರಲಿಲ್ಲ. ಅತ್ತೆಯನ್ನು ಎತ್ತಿ ಕೂರಿಸಿ, ಒರೆಸಿ, ತಿರುಗಿಸಿ ಜಯಶೀಲಳ ನಡು ಹಿಡಿದುಕೊಂಡಿತ್ತು. ಅವಳಿಗೂ ಐವತ್ತು ದಾಟಿತ್ತು.

ದಾರಿ ಹುಡುಕಿದ್ದು ಮಗಳು ರಮ್ಯ. ರಕ್ತ ಪರೀಕ್ಷೆಯ ಲ್ಯಾಬ್‌ನಲ್ಲಿ ಕೆಲಸ ಮಾಡುವ ಹುಡುಗಿ, ದಿನಾ ಇಂಥ ಮನೆಗಳನ್ನು ಕಂಡವಳು. "ಪೀಣ್ಯದಲ್ಲಿ ರೆಡಿಮೇಡ್ ರೂಮ್ ಮಾಡ್ತಾರಮ್ಮ. ಲಾರೀಲಿ ತಂದು ಇಟ್ಟು ಹೋಗ್ತಾರೆ. ಒಳಗೇ ಬಾತ್‌ರೂಮು, ಕಿಟಕಿ, ಫ್ಯಾನು ಎಲ್ಲ ಇರುತ್ತೆ. ಮೂರು ತಿಂಗಳಿಗೆ ಬಾಡಿಗೆಗೆ ತಗೊಂಡ್ರಾಯ್ತು. ಕಾರು ನಿಲ್ಸೋ ಜಾಗದಲ್ಲಿ ಇಡಿಸೋಣ. ಅಜ್ಜಿ ಕೆಳಗೇ ಇರ್ಲಿ, ಅಂಗಳದಲ್ಲಿ ನಡೀಲಿ."

"ಕಾರು?" ಎಂದ ರೇವಂತ್. ವಿಜಯನಗರದ ಬೈಕ್ ಶೋರೂಮಿನಲ್ಲಿ ಕೆಲಸ ಮಾಡುವ ಅವನಿಗೆ ಕಾರೆಂದರೆ ಪ್ರಾಣ.

"ಕಾರು ರೋಡಲ್ಲಿ ಮಲಗ್ಲಿ ಬಿಡೋ. ಅದಕ್ಕೇನು ಸೊಂಟ ಮುರಿದಿದ್ಯಾ?"

ರಾಮಯ್ಯನವರಿಗೆ ಈ ಉಪಾಯ ಬಹಳ ಹಿಡಿಸಿತು. ಶ್ರಾವಣ ಹುಟ್ಟಿದ ವಾರವೇ ಲಾರಿ ಬಂತು, ಕ್ರೇನ್ ಬಂತು. ಬಿಳಿ ತಗಡಿನ ಹಲಗೆಗಳ ಆ ಕೋಣೆ ಮನೆಗೂ ಪಕ್ಕದ ಅಂಜಿನಯ್ಯನ ಕಾಂಪೌಂಡಿಗೂ ನಡುವೆ ಇದ್ದ ಜಾಗದಲ್ಲಿ ಅಳತೆ ಮಾಡಿದಂತೆ ಕೂತಿತು. ಅಂಜಿನಯ್ಯ ರಾಮಯ್ಯನವರಿಗೆ ದೊಡ್ಡಪ್ಪನ ಮಗ. ಒಂದೇ ಜಮೀನಿನ ಎರಡು ಭಾಗ. ಆದರೆ ಮಾತು ಬಿಟ್ಟು ಒಂಬತ್ತು ವರ್ಷ. ಅಂಜಿನಯ್ಯ ಮಗನಿಗೆಂದು ಮನೆ ಮುಂದೆ ತಗಡಿನ ಅಂಗಡಿ ಹಾಕಿದಾಗ, ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್ ಜಾಗದಲ್ಲಿ ಕಟ್ಟಿದ್ದಾನೆಂದು ಅರ್ಜಿ ಬರೆದು ಕೀಳಿಸಿದ್ದು ಬೇರಾರೂ ಅಲ್ಲ, ರಾಮಯ್ಯನವರೇ. ಈಗ ತಾವು ಅದೇ ಸೆಟ್‌ಬ್ಯಾಕಿನಲ್ಲಿ ಕೋಣೆ ಇಡಿಸುವಾಗ ಅದೆಲ್ಲ ಅವರಿಗೆ ನೆನಪಾಗಲಿಲ್ಲವೋ, ನೆನಪಾದರೂ ಬದಿಗೆ ಸರಿಸಿದರೋ, ದೇವರಿಗೇ ಗೊತ್ತು.

ಕೋಣೆಯೇನೋ ಬಂತು. ಬೋರಮ್ಮ ಒಳಗೆ ಹೋಗಲೊಲ್ಲರು.

"ಹಾಲುಕ್ಕಿಸ್ದೆ ಇರೋ ಸೂರಿನಡಿ ನಾನು ಮಲಗಾಕಿಲ್ಲ ಕಣಮ್ಮಿ. ನಾನೇನು ಸಿಮೆಂಟ್ ಮೂಟೇನಾ, ತಂದು ಶೆಡ್ಡಿಗೆ ಹಾಕಕ್ಕೆ?"

"ಅತ್ತೆ, ಮೂರು ತಿಂಗಳಿಗೆ ಯಾರಾದ್ರೂ ಹಾಲುಕ್ಕಿಸ್ತಾರಾ?" ಎಂದಳು ಜಯಶೀಲ.

"ಮೂರು ದಿನ ಆಗ್ಲಿ. ಮನುಸ್ರು ಇರೋ ಜಾಗ ತಾನೆ?"

ರಾಮಯ್ಯನವರಿಗೆ ಅಷ್ಟು ಸಾಕಾಯಿತು. ಮಾಡುವುದಾದರೆ ಜೋರಾಗಿಯೇ ಮಾಡೋಣ ಎಂದರು. ಮಾವಿನೆಲೆ ತೋರಣ ಕಟ್ಟಿದ್ದಾಯಿತು, ಪುರೋಹಿತರಿಗೆ ಹೇಳಿದ್ದಾಯಿತು. ರೇವಂತ್ ಮೊಬೈಲಿನಲ್ಲೇ ಒಂದು ಕಾರ್ಡ್ ಮಾಡಿದ: ‘ಶ್ರೀಮತಿ ಬೋರಮ್ಮನವರ ನೂತನ ಗೃಹಪ್ರವೇಶ, ತಮಗೆ ಆದರದ ಸ್ವಾಗತ.’ ತಮಾಷೆಗೆ ಮಾಡಿದ್ದು. ಮನೆಮಂದಿಯೆಲ್ಲ ಅದನ್ನು ಸ್ಟೇಟಸ್‌ಗೆ ಹಾಕಿಕೊಂಡರು. ಬೀದಿಯ ಹದಿನೈದು ಮನೆಗೆ ಜಯಶೀಲ ಕುಂಕುಮ ಹಿಡಿದು ಹೋಗಿ ಕರೆದಳು. ಹೊರಡುವ ಮುಂಚೆ ಗಂಡನನ್ನು ಒಂದು ಮಾತು ಕೇಳಿದಳು.

"ಅಂಜಿನಯ್ಯ ಬಾವನ ಮನೆಗೆ?"

"ಆ ಮನೆ ದಾಟ್ಕೊಂಡು ಮುಂದಕ್ಕೆ ಹೋಗು."

ದಾಟಿಕೊಂಡು ಹೋದಳು. ಅಂಜಿನಯ್ಯ ಗೇಟಿನಲ್ಲೇ ನಿಂತಿದ್ದ. ಕುಂಕುಮದ ಬಟ್ಟಲು ತನ್ನ ಮುಂದೆ ಹಾದು ಆಚೆ ಮನೆಗೆ ಹೋಗುವುದನ್ನು ನೋಡಿದ. ಜಯಶೀಲ ತಲೆ ತಗ್ಗಿಸಿದಳು. ಹಾಗೆ ಮಾಡಬಾರದಿತ್ತು ಎಂದು ಆ ಕ್ಷಣವೇ ಅನ್ನಿಸಿತು, ಆದರೂ ಕಾಲು ನಿಲ್ಲಲಿಲ್ಲ.

ಬೋರಮ್ಮನನ್ನು ಕಡೆಯ ಸಲ ಕುರ್ಚಿಯಲ್ಲಿ ಇಳಿಸಿದರು. ಹಾಲು ಉಕ್ಕಿತು. ನಲವತ್ತು ಜನ ಒಬ್ಬಟ್ಟು ತಿಂದರು. ಬೋರಮ್ಮ ಹೊಸ ಸೀರೆ ಉಟ್ಟು ಮಂಚದ ಮೇಲೆ ಕೂತು ಬಂದವರಿಗೆಲ್ಲ, "ನನ್ ಮನೆಗೆ ಬಂದ್ರಲ್ಲ, ಸಂತೋಸ" ಎಂದರು. ಅವತ್ತಿನಿಂದ ದಿನಾ ಬೆಳಗ್ಗೆ ವಾಕರ್ ಹಿಡಿದು ಎರಡು ಹೆಜ್ಜೆ, ಮೂರು ಹೆಜ್ಜೆ ಇಡತೊಡಗಿದರು. ಜಯಶೀಲಳಿಗೆ ಉಸಿರು ಬಂದಂತಾಯಿತು.

ಆ ಉಸಿರು ಎಂಟು ದಿನ ಇತ್ತು.

ಒಂಬತ್ತನೇ ದಿನ ವಾರ್ಡ್ ಆಫೀಸಿನ ಇಂಜಿನಿಯರ್ ಮಹದೇವ್ ಬಂದರು. ಮೂವತ್ತೈದರ ಸಣಕಲ ಮನುಷ್ಯ, ಮಾತು ಮೆತ್ತಗೆ. ಟೇಪು ಹಿಡಿದು ಅಳೆದರು, ಫೋಟೋ ತೆಗೆದರು, ಬೋರಮ್ಮನಿಗೆ ಕೈಮುಗಿದರು.

"ದೂರು ಬಂದಿದೆ ಸಾರ್. ಸೆಟ್‌ಬ್ಯಾಕ್‌ನಲ್ಲಿ ವಾಸದ ಮನೆ ಮಾಡಿದೀರ ಅಂತ."

"ಮನೆ ಎಲ್ಲಿ ಬಂತು ಸ್ವಾಮಿ? ಮೂರು ತಿಂಗಳ ಶೆಡ್ಡಿದು. ತಾಯಿಗೆ ಹುಷಾರಿಲ್ಲ," ಎಂದರು ರಾಮಯ್ಯ.

"ಶೆಡ್ ಅಂದಿದ್ರೆ ನಾನೂ ಹೇಗೋ ನೋಡ್ಬಹುದಿತ್ತು. ಆದ್ರೆ ನೋಡಿ." ಮಹದೇವ್ ಮೊಬೈಲ್ ತಿರುಗಿಸಿ ತೋರಿಸಿದರು. ‘ನೂತನ ಗೃಹಪ್ರವೇಶ.’ ತೋರಣ, ಉಕ್ಕುತ್ತಿರುವ ಹಾಲು, ನಲವತ್ತು ಜನರ ಪಂಕ್ತಿ. "ದೂರಿನ ಜೊತೆ ಇದನ್ನೆಲ್ಲ ಲಗತ್ತಿಸಿದಾರೆ. ಮನೆ ಅಂತ ನೀವೇ ಊರಿಗೆಲ್ಲ ಸಾರಿದೀರಲ್ಲ ಸಾರ್. ನಾನೀಗ ಅದನ್ನ ಶೆಡ್ ಅಂತ ಹೇಗೆ ಬರೀಲಿ?"

ಮಹದೇವ್ ನೋಟಿಸು ಕೊಟ್ಟು ಹೋದರು. ಹದಿನೈದು ದಿನದೊಳಗೆ ತೆರವು ಮಾಡಬೇಕು. ದೂರು ಕೊಟ್ಟವನು ಯಾರೆಂದು ಯಾರೂ ಕೇಳಬೇಕಾಗಿರಲಿಲ್ಲ.

ಅಂದು ರಾತ್ರಿ ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು. ಮುದ್ದೆ ಆರಿ ಗಟ್ಟಿಯಾಯಿತೇ ಹೊರತು ಯಾರ ಗಂಟಲಲ್ಲೂ ಇಳಿಯಲಿಲ್ಲ.

"ಅವನ ಹೊಟ್ಟೆಕಿಚ್ಚಿಗೆ ಬೆಂಕಿ ಬೀಳ. ಹೆತ್ತವ್ವನಂಗೆ ಸಾಕಿದ್ಲು ಅವನ್ನ ನಮ್ಮಮ್ಮ," ಎಂದು ರಾಮಯ್ಯ ಗುಡುಗಿದರು.

"ನೀವು ಅವರ ಅಂಗಡಿ ಕೀಳಿಸಿದ್ರಲ್ಲ ಅಪ್ಪ," ಎಂದಳು ರಮ್ಯ.

"ಅದು ಅಂಗಡಿ. ಇದು ತಾಯಿ."

"ರೂಲ್ಸ್ ಬುಕ್ಕಲ್ಲಿ ಎರಡೂ ಒಂದೇ."

"ನೀನು ಯಾರ ಕಡೆಯೇ?"

"ಅಜ್ಜಿ ಕಡೆ!"

ರೇವಂತ್ ನಡುವೆ ಬಾಯಿ ಹಾಕಿದ. "ಇಷ್ಟೆಲ್ಲ ಯಾಕೆ? ಗ್ರೌಂಡ್ ಫ್ಲೋರ್ ನಮ್ಮದೇ ತಾನೆ? ಗುರವ್ವನ್ನ ಖಾಲಿ ಮಾಡ್ಸಿ. ಅಜ್ಜಿನ ಅಲ್ಲಿಗೆ ಹಾಕಿ."

ಗುರವ್ವ ಬಾಗಲಕೋಟೆ ಕಡೆಯವಳು. ನಾಲ್ಕು ವರ್ಷದಿಂದ ಕೆಳಗಿನ ಮನೆಯಲ್ಲಿ ಮಗ ಬಾಳೇಶನ ಜೊತೆ ಇದ್ದಾಳೆ. ಮಗ ಫುಡ್ ಡೆಲಿವರಿಗೆ ಓಡಾಡುತ್ತಾನೆ. ಇವಳು ಜೋಳದ ರೊಟ್ಟಿ ಬಡಿದು ಲಗ್ಗೆರೆಯ ಖಾನಾವಳಿಗೂ ನಂದಿನಿ ಲೇಔಟಿನ ಮೆಸ್ಸಿಗೂ ಕಳಿಸುತ್ತಾಳೆ. ಬಾಡಿಗೆ ಒಂದು ದಿನ ತಪ್ಪಿಸಿದವಳಲ್ಲ, ತಂಟೆಗೆ ಬಂದವಳಲ್ಲ. ರಾಮಯ್ಯ ಮರುದಿನ ಬೆಳಗ್ಗೆ ಅಂಗಡಿಗೆ ಹೊರಡುವಾಗ ಅವಳ ಬಾಗಿಲು ತಳ್ಳಿ ನಿಂತಲ್ಲೇ ಹೇಳಿದರು: "ಎರಡು ತಿಂಗಳಲ್ಲಿ ಖಾಲಿ ಮಾಡ್ಬಿಡಿ ಗುರವ್ವ. ನಮಗೆ ಬೇಕಾಗಿದೆ."

"ಆತ್ರಿ ಮಾಲಕರ," ಎಂದಳು ಗುರವ್ವ. ಕೈ ಹಿಟ್ಟಿನಲ್ಲಿತ್ತು. ತಿರುಗಿ ಕೂಡ ನೋಡಲಿಲ್ಲ.

ಎರಡು ತಿಂಗಳು ಅವರಿಗೆ, ಹದಿನೈದು ದಿನ ನಮಗೆ. ಈ ಲೆಕ್ಕ ಯಾವ ಮೂಲೆಯಿಂದ ಹಿಡಿದರೂ ಕೂಡುವುದಿಲ್ಲವೆಂದು ಜಯಶೀಲಳಿಗೆ ಸಾರಿಗೆ ಒಗ್ಗರಣೆ ಹಾಕುವಾಗಲೂ ಕೊರೆಯುತ್ತಿತ್ತು.

ರಮ್ಯ ರಜೆ ಹಾಕಿ, ಡಾಕ್ಟರ ಚೀಟಿ ಹಿಡಿದು ವಾರ್ಡ್ ಆಫೀಸಿಗೆ ಮೂರು ಸಲ ಹೋದಳು. ಮೂರನೇ ಸಲ ವಾಪಸ್ ಬಂದವಳು ಚೀಲವನ್ನು ಸೋಫಾ ಮೇಲೆ ಎಸೆದಳು.

"ಮದುವೆ ಪೆಂಡಾಲಿಗೆ ಅರ್ಜಿ ಇದೆಯಂತಮ್ಮ. ಗಣೇಶನ್ನ ಕೂರ್ಸೋಕೆ ಇದೆಯಂತೆ. ಮನೆ ಕಟ್ಟೋವಾಗ ಸಿಮೆಂಟ್ ಇಡೋ ಶೆಡ್ಡಿಗೂ ಇದೆಯಂತೆ. ಅಜ್ಜಿನ ಮಲಗ್ಸೋಕೆ ಮಾತ್ರ ಇಲ್ಲ. ಆ ಇಂಜಿನಿಯರ್ ಪಾಪ, ಪುಸ್ತಕನೆಲ್ಲ ಮಗುಚಿ ತೋರಿಸಿದ್ರು. ‘ಕಾಯಿಲೆಯವರಿಗೆ ಅಂತ ಒಂದು ಕಾಲಮ್ಮೇ ಇಲ್ಲ ಕಣಮ್ಮ, ನಾನೇನ್ ಮಾಡ್ಲಿ’ ಅಂದ್ರು."

"ಹಾಗಾದ್ರೆ ಬೇರೆ ದಾರಿನೇ ಇಲ್ವಾ?"

"ಒಂದಿದೆ. ದೂರು ಕೊಟ್ಟವರು ವಾಪಸ್ ತಗೊಂಡು, ನನ್ನ ತಕರಾರಿಲ್ಲ ಅಂತ ಬರ್ಕೊಟ್ರೆ ಮೂರು ತಿಂಗಳು ಕಣ್ಣುಮುಚ್ಕೊಂಡಿರ್ತೀನಿ ಅಂದ್ರು."

ಅವತ್ತು ಸಂಜೆ ಗಂಡ ಅಂಗಡಿಯಿಂದ ಬರುವ ಮುಂಚೆ ಜಯಶೀಲ ಒಂಬತ್ತು ವರ್ಷದ ಮೇಲೆ ಅಂಜಿನಯ್ಯನ ಗೇಟು ತೆಗೆದಳು. ಅಂಜಿನಯ್ಯ ಅಡುಗೆಮನೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದ. ಹೆಂಡತಿ ಹೋಗಿ ಐದು ವರ್ಷ, ಮಗ ಸೊಸೆ ಕೆಲಸದಿಂದ ಬರುವುದು ತಡ. ಹೊರಗೆ ಬಿಸಿಲಿದ್ದರೂ ಒಳಗೆ ದೀಪ ಉರಿಯುತ್ತಿತ್ತು. ಕಿಟಕಿಗೆ ಎರಡಡಿ ಆಚೆ ಬಿಳಿ ತಗಡಿನ ಗೋಡೆ. ಅದನ್ನು ಈ ಕಡೆಯಿಂದ ನೋಡುವುದು ಅವಳಿಗೆ ಅದೇ ಮೊದಲು.

"ಬೆಳಕಿಲ್ದಂಗೆ ಆಗಿದೆ ಬಾವ ನಿಮಗೆ. ತಪ್ಪಾಯ್ತು."

"ಬೆಳಕಿಗಲ್ಲ ಕಣಮ್ಮ ನಾನು ಅರ್ಜಿ ಕೊಟ್ಟಿದ್ದು." ಅಂಜಿನಯ್ಯ ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ತಗಡಿನ ರೂಮು ಬಂದಾಗ ನಾನು ಉಸಿರೆತ್ತಲಿಲ್ಲ. ಚಿಕ್ಕವ್ವಂಗೆ ಅಲ್ವಾ, ಇರ್ಲಿ ಅಂದ್ಕೊಂಡೆ. ಶೆಡ್ಡಿಗೆ ಯಾರೂ ಯಾರನ್ನೂ ಕರೆಯಲ್ಲ. ಆದ್ರೆ ನೀವು ಹಾಲುಕ್ಕಿಸಿದ್ರಿ. ಹಾಲುಕ್ಕಿಸಿದ ಮೇಲೆ ಅದು ಮನೆ. ಚಿಕ್ಕವ್ವನ ಮನೆ ಒಕ್ಕಲಿಗೆ ಬೀದಿಗೆಲ್ಲ ಕುಂಕುಮ ಹೋಯ್ತು, ನನ್ನ ಗೇಟು ದಾಟ್ಕೊಂಡು ಹೋಯ್ತು. ನೀನೇ ಹೋದೆ."

ಜಯಶೀಲಳ ಕಣ್ಣು ತುಂಬಿತು. "ಹೌದು ಬಾವ. ನಾನೇ. ನಿಲ್ಬೇಕಾಗಿತ್ತು, ನಿಲ್ಲಲಿಲ್ಲ."

"ನಿನ್ನದೇನು ತಪ್ಪು. ಹೇಳಿಸಿದವನು ಅವನು." ಅಂಜಿನಯ್ಯ ದಂಟುಗಳನ್ನು ಒಟ್ಟುಮಾಡಿ ಪಕ್ಕಕ್ಕಿಟ್ಟ. "ರಾಮಯ್ಯ ಬರ್ಲಿ. ನನ್ನ ಮನೆಗೆ ಬಂದು, ಅಣ್ಣ ಅಂತ ಒಂದು ಮಾತು ಕರೀಲಿ. ನಿಂತ ಕಾಲಲ್ಲೇ ಬರ್ಕೊಡ್ತೀನಿ. ಬೇರೇನೂ ಬೇಡ ನನಗೆ."

ಎಷ್ಟು ಸುಲಭದ ಮಾತು! ಹತ್ತಿಪ್ಪತ್ತು ಹೆಜ್ಜೆ ನಡೆದು ಎರಡಕ್ಷರ ಹೇಳುವುದು. ಜಯಶೀಲ ಹೆಚ್ಚು ಕಡಿಮೆ ಓಡಿಕೊಂಡೇ ಮೆಟ್ಟಿಲು ಹತ್ತಿದಳು. ಗಂಡನಿಗೆ ಕಾಫಿ ಕೊಟ್ಟು, ಅವರು ಎರಡು ಗುಟುಕು ಕುಡಿಯುವ ತನಕ ಕಾದು ಹೇಳಿದಳು. ರಾಮಯ್ಯ ಲೋಟ ಕುಕ್ಕಿದ ರಭಸಕ್ಕೆ ಕಾಫಿ ಟೀಪಾಯಿಯ ಮೇಲೆಲ್ಲ ಹರಿಯಿತು.

"ನನ್ನ ಕೇಳ್ದೆ ಆ ಮನೆಗೆ ಯಾಕ್ ಹೋದೆ?"

"ನಿಮ್ಮನ್ನ ಕೇಳಿದ್ರೆ ಕಳಿಸ್ತಿದ್ರಾ?"

"ಅವನ ಮುಂದೆ ನಾನು ಹಲ್ಲು ಗಿಂಜಬೇಕಾ? ನನ್ನ ಜಾಗದಲ್ಲಿ ನನ್ನ ತಾಯಿನ ಮಲಗಿಸ್ಕೊಳ್ಳೋಕೆ?"

"ಹಲ್ಲು ಗಿಂಜಬೇಡಿ. ಅಣ್ಣ ಅನ್ನಿ. ಚಿಕ್ಕೋರಿದ್ದಾಗ ಅಂತಿರಲಿಲ್ವಾ?"

"ಈ ಜನ್ಮದಲ್ಲಿ ಆಗಲ್ಲ. ನೋಡು, ಕೆಂಗೇರಿ ಹತ್ರ ಒಂದು ಆರೈಕೆ ಕೇಂದ್ರ ಇದೆ. ಅಂಗಡಿಗೆ ಬರೋರೊಬ್ಬರು ಹೇಳಿದ್ರು. ನರ್ಸುಗಳು ಇರ್ತಾರೆ, ಊಟ ತಿಂಡಿ ಎಲ್ಲ ಅವರದೇ. ಗುರವ್ವ ಖಾಲಿ ಮಾಡೋ ತನಕ ಅಮ್ಮ ಅಲ್ಲಿರ್ಲಿ. ಸೋಮವಾರಕ್ಕೆ ಬುಕ್ ಮಾಡ್ತೀನಿ."

"ಗುರುತಿಲ್ದೋರ ಮಧ್ಯೆ ಅತ್ತೆ ಒಂದು ತುತ್ತು ತಿನ್ನಲ್ಲ. ನಾನು ಆಸ್ಪತ್ರೇಲಿ ನೋಡಿದೀನಿ. ಅಲ್ಲಿಗೆ ಹೋದ್ರೆ ಅವರು ಎದ್ದು ನಡೆಯೋದಿಲ್ಲ ಕಣ್ರೀ."

"ಎರಡು ತಿಂಗಳು ತಾನೆ?"

"ಎರಡು ತಿಂಗಳು ಹಾಸಿಗೆ ಹಿಡಿದ್ರೆ ಆಮೇಲೆ ಕೆಳಗಿನ ಮನೆ ಇದ್ದು ಯಾರಿಗೆ ಬೇಕು?"

ರಾಮಯ್ಯ ಎದ್ದು ಬಾಲ್ಕನಿಗೆ ಹೋದರು. ಅಲ್ಲಿಂದ ಅಂಜಿನಯ್ಯನ ಮಾಳಿಗೆ ಕಾಣುತ್ತದೆಂದು ಮತ್ತೆ ಒಳಗೆ ಬಂದರು. ಟಿವಿ ಹಾಕಿದರು, ಆರಿಸಿದರು. ಮತ್ತೆ ಎದ್ದರು. ಆ ವಾರವಿಡೀ ಅವರದು ಅದೇ ಚಾಳಿಯಾಯಿತು.

ಬೋರಮ್ಮನಿಗೆ ವಿಷಯ ತಿಳಿಸಿದ್ದು ರೇವಂತ್. ಸಮಾಧಾನವಾಗಲಿ ಎಂದು ಮೊಬೈಲಿನಲ್ಲಿ ಕೆಂಗೇರಿಯ ಆ ಜಾಗದ ಫೋಟೋ ತೋರಿಸಿದ. "ಗಾರ್ಡನ್ ಇದೆ ಅಜ್ಜಿ. ಹೆಂಗಿದೆ ನೋಡು, ರೆಸಾರ್ಟ್ ಇದ್ದಂಗೆ." ಮುದುಕಿ ಕಣ್ಣು ಕಿರಿದು ಮಾಡಿ ನೋಡಿದರು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಜಯಶೀಲಳಿಗೆ ಎಷ್ಟೋ ಹಗುರಾಗುತ್ತಿತ್ತು. ಅದರ ಬದಲು ಬಟ್ಟೆಯ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡು ಎರಡು ಸೀರೆ, ಎಲೆಅಡಿಕೆ ಡಬ್ಬಿ, ಬಾಚಣಿಗೆ ತುಂಬಿಕೊಂಡರು. ಅವತ್ತಿಂದ ಯಾರು ಬಾಗಿಲಿಗೆ ಬಂದರೂ ಒಂದೇ ಪ್ರಶ್ನೆ:

"ಯಾವಾಗ ಹೊಲ್ಡೋದು?"

ತಿಂಡಿ ತಂದರೆ, "ಈಗ್ಲಾ?" ಸ್ನಾನ ಮಾಡಿಸಿದರೆ, "ಹೊಲ್ಡಕ್ಕಾ?" ವಾಕರ್ ಮೂಲೆಯಲ್ಲಿ ನಿಂತಿತು. "ನಡ್ದು ಏನಾಗ್ಬೇಕಮ್ಮಿ? ಅಲ್ಲಿ ಮಲಗ್ಸೋರಿದಾರಲ್ಲ." ಚೀಲವನ್ನು ತೆಗೆದು ಕಟ್ಟುವುದು, ಕಟ್ಟಿ ತೆಗೆಯುವುದು. ಜಯಶೀಲಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಮೇಲೆ ಅಡುಗೆ ಮಾಡುವಾಗ ಕೆಳಗೆ ಕಿವಿ, ಕೆಳಗಿದ್ದಾಗ ಮೇಲೆ ಒಲೆಯ ಚಿಂತೆ. ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತಿ ಇಳಿದು ಮಂಡಿ ಊದಿತು. ಮೂವತ್ತು ವರ್ಷದ ಹಿಂದೆ ಸೊಸೆಯಾಗಿ ಬಂದಾಗ ಈ ಹೆಂಗಸು ತನ್ನ ಬಾಣಂತನ ಎರಡನ್ನೂ ಮಾಡಿದ್ದಳು. ತವರಿಗೆ ಕಳಿಸದೆ, ನಾನಿದೀನಿ ಎಂದು. ಈಗ ಅವಳನ್ನು ಪರರ ಕೈಗೆ ಒಪ್ಪಿಸಬೇಕು.

ಶನಿವಾರ ಮಧ್ಯಾಹ್ನ ಬೋರಮ್ಮನ ತಟ್ಟೆ ಹಾಗೇ ವಾಪಸ್ ಬಂತು. ಜಯಶೀಲ ತಟ್ಟೆ ಹಿಡಿದು ಅಂಗಳದಲ್ಲಿ ನಿಂತಳು. ಒಳಗೆ ರೊಟ್ಟಿ ಬಡಿಯುವ ಸದ್ದು, ದಪ ದಪ ದಪ. ಬಾಗಿಲು ತೆರೆದಿತ್ತು. ಗುರವ್ವ ಒಲೆಯ ಮುಂದೆ ಕೂತಿದ್ದಳು. ಮುಂದಿನ ಕೋಣೆಯಲ್ಲಿ ಜೋಳದ ಮೂಟೆ, ರೊಟ್ಟಿ ಪೇರಿಸಿದ ಬುಟ್ಟಿಗಳು, ಸಾಮಾನು ಕಟ್ಟಿದ ನಾಲ್ಕು ರಟ್ಟಿನ ಡಬ್ಬ. ಖಾಲಿ ಮಾಡಲು ಆಗಲೇ ಶುರುಮಾಡಿದ್ದಳು.

ಅದನ್ನು ನೋಡಿ ಜಯಶೀಲಳಿಗೆ ಯಾರೋ ಕೆನ್ನೆಗೆ ಬಾರಿಸಿದಂತಾಯಿತು. ಖಾಲಿ ಮಾಡಿ ಎನ್ನಲು ನಮಗೆ ಬಾಯಿ ಬಂತು. ಸ್ವಲ್ಪ ಜಾಗ ಕೊಡ್ತೀರಾ ಎಂದು ಕೇಳಲು ಮನೆಯ ನಾಲ್ಕು ಜನರಲ್ಲಿ ಒಬ್ಬರಿಗಾದರೂ ತೋಚಲಿಲ್ಲವಲ್ಲ! ಪೀಣ್ಯದಿಂದ ಲಾರಿ ಬಂತು, ಕ್ರೇನ್ ಬಂತು, ಆಫೀಸಿಗೆ ಅಲೆದಾಯಿತು. ಹತ್ತು ಹೆಜ್ಜೆ ಆಚೆಗಿನ ಬಾಗಿಲನ್ನು ಮಾತ್ರ ಯಾರೂ ತಟ್ಟಲಿಲ್ಲ.

"ಬರ್ರಿ ಅಕ್ಕಾರ. ಅಜ್ಜಿಯಾರು ಉಂಡಿಲ್ಲೇನು ಇವತ್ತೂ?" ಎಂದಳು ಗುರವ್ವ ತಟ್ಟೆ ನೋಡಿ.

ಜಯಶೀಲ ನೆಲದ ಮೇಲೆ ಕೂತಳು. "ಗುರವ್ವ, ಒಂದು ಮಾತು ಕೇಳ್ತೀನಿ. ಆಗಲ್ಲ ಅಂದ್ರೆ ಆಗಲ್ಲ ಅನ್ನಿ, ನನಗೇನೂ ಬೇಜಾರಿಲ್ಲ. ನಿಮ್ಮ ಈ ಮುಂದಿನ ರೂಮಲ್ಲಿ ನಮ್ಮತ್ತೇನ ಮೂರು ತಿಂಗಳು ಇಟ್ಕೊಳ್ತೀರಾ? ಕೆಲಸ ಎಲ್ಲ ನಾನೇ ಬಂದು ಮಾಡ್ತೀನಿ. ಜಾಗ ಕೊಟ್ರೆ ಸಾಕು."

ಗುರವ್ವನ ಕೈ ನಿಂತಿತು. "ಅಕ್ಕಾರ, ಮಾಲಕರು ಮನಿ ಬಿಡ್ರಿ ಅಂದಾರ. ನೀವು ಜಾಗಾ ಕೊಡ್ರಿ ಅಂತೀರಿ. ನಾ ಯಾವುದನ್ನ ಕೇಳ್ಲಿ?"

"ನನ್ನ ಮಾತು ಕೇಳಿ. ಮನೆ ಬಿಡೋದು ಬೇಡ. ಮೂರು ತಿಂಗಳಾದ ಮೇಲೂ ಬೇಡ. ನಾನು ಹೇಳ್ತಿದೀನಿ."

"ಮಾಲಕರನ್ನ ಕೇಳಿ ಹೇಳಾಕತ್ತೀರೇನು?"

"ಇಲ್ಲ," ಎಂದಳು ಜಯಶೀಲ. "ಆಮೇಲೆ ಹೇಳ್ತೀನಿ."

ಗುರವ್ವ ನಕ್ಕಳು. ನಾಲ್ಕು ವರ್ಷದಲ್ಲಿ ಅವಳು ನಕ್ಕಿದ್ದನ್ನು ಜಯಶೀಲ ನೋಡಿದ್ದು ಅದೇ ಮೊದಲೇನೋ. "ಹಿರೇ ಜೀವ ಒಂದು ಮನ್ಯಾಗಿದ್ರ ಭಾರ ಆಗ್ತದೇನ್ರೀ? ನಮ್ಮವ್ವ ಊರಾಗ ಹಿಂಗ ಬಿದ್ದಾಗ ನನಗ ಹೋಗಾಕ ಆಗ್ಲಿಲ್ಲ. ಆದರ ನಸುಕಿನ್ಯಾಗ ರೊಟ್ಟಿ ಬಡಿಯೂ ಸಪ್ಪಳ ಇರ್ತದ. ಅಜ್ಜಿಯಾರು ಬೈಬಾರ್ದು ಮತ್ತ."

"ಬೈತಾರೆ. ಬೈದ್ರೆ ತಿರುಗಿ ಬೈರಿ. ಅವರಿಗೆ ಅದೇ ಇಷ್ಟ."

ಬೋರಮ್ಮನಿಗೆ ಹೇಳಿದಾಗ, ಚೀಲದ ಗಂಟು ಬಿಚ್ಚುತ್ತಿದ್ದ ಕೈ ತಡೆಯಿತು. "ಬಾಡಿಗೆಯವರ ಮನೇಲಾ?"

"ಹೌದು ಅತ್ತೆ. ಕೆಂಗೇರಿ ಬೇಕೋ, ಗುರವ್ವನ ಮನೆ ಬೇಕೋ ನೀವೇ ಹೇಳಿ."

"ಅವಳೇನು ಮಾಡ್ತಾವ್ಳೆ ಇವತ್ತು ಊಟಕ್ಕೆ?"

"ರೊಟ್ಟಿ, ಪುಂಡಿಪಲ್ಯ."

"ವಾಕರ್ ಕೊಡಿಲ್ಲಿ," ಎಂದರು ಬೋರಮ್ಮ.

ರಾಮಯ್ಯನವರಿಗೆ ಗೊತ್ತಾದಾಗ ಆಕಾಶ ಭೂಮಿ ಒಂದು ಮಾಡಿದರು. "ಓನರ್ ತಾಯಿ ಬಾಡಿಗೆಯವರ ಹಂಗಲ್ಲಿ ಇರೋದಾ? ನಾಳೆ ಅಂಗಡೀಲಿ ನಾನು ಮುಖ ಹೆಂಗೆ ತೋರಿಸ್ಲಿ? ಸೋಮವಾರ ಕಾರು ಬರುತ್ತೆ, ಅಮ್ಮ ಕೆಂಗೇರಿಗೆ ಹೋಗ್ತಾಳೆ. ಮುಗೀತು!"

"ಕಾರು ಬರ್ಲಿ. ನೀವು ಹತ್ಕೊಂಡು ಹೋಗಿ," ಎಂದಳು ಜಯಶೀಲ. ಮೂವತ್ತು ವರ್ಷದ ಸಂಸಾರದಲ್ಲಿ ಗಂಡನಿಗೆ ಅಂಥ ಮಾತು ಆಡಿದವಳಲ್ಲ. ಆಡಿದ ಮಾತು ವಾಪಸ್ ತೆಗೆದುಕೊಳ್ಳಲೂ ಇಲ್ಲ. ರಮ್ಯ ಬಾಯಿಗೆ ದುಪ್ಪಟ್ಟ ಅಡ್ಡ ಹಿಡಿದಳು. ರೇವಂತ್ ಮೊಬೈಲಿನಿಂದ ತಲೆಯೆತ್ತಿ ಅಮ್ಮನನ್ನು ಹೊಸಬಳನ್ನು ನೋಡುವಂತೆ ನೋಡಿದ.

ಭಾನುವಾರ ಬಾಳೇಶ, ರೇವಂತ್ ಸೇರಿ ಮಂಚ ಸಾಗಿಸಿದರು. ಜೋಳದ ಮೂಟೆ ಒಳಕೋಣೆಗೆ ಹೋಯಿತು. "ಹಿಡಿ ಮಗಾ ಆ ಕಡೆ" ಎಂದು ರೇವಂತ್ ಬಾಳೇಶನಿಗೆ ಅಂದಿದ್ದೂ ನಾಲ್ಕು ವರ್ಷದಲ್ಲಿ ಮೊದಲು. ಸೋಮವಾರ ಬಂದ ಕೆಂಗೇರಿಯ ಕಾರು ಖಾಲಿಯೇ ವಾಪಸ್ ಹೋಯಿತು. ಮಂಗಳವಾರ ಲಾರಿ ಬಂದು ಬಿಳಿ ಕೋಣೆಯನ್ನು ಎತ್ತಿಕೊಂಡು ಹೋಯಿತು. ಮಹದೇವ್ ಬಂದು ಖಾಲಿ ಜಾಗದ ಫೋಟೋ ತೆಗೆದರು. ಅಂಜಿನಯ್ಯನ ಅಡುಗೆಮನೆಗೆ ಬಿಸಿಲು ಬಿತ್ತು.

ರಾಮಯ್ಯ ಮಾತ್ರ ಗುರವ್ವನ ಮನೆಗೆ ಕಾಲಿಡಲಿಲ್ಲ. ಅಂಗಡಿಗೆ ಹೋಗುವಾಗ ಬರುವಾಗ ಕಡೆಯ ಮೆಟ್ಟಿಲಲ್ಲಿ ಒಂದು ಕ್ಷಣ ನಿಲ್ಲುವುದು, ಕಿವಿಗೊಡುವುದು, ಹೊರಟು ಹೋಗುವುದು. ಮೇಲೆ ಬಂದು ಹೆಂಡತಿಯನ್ನು ಕೇಳುವುದು: "ಊಟ ಮಾಡಿದ್ಲಾ?" "ಮಾಡಿದ್ರು." "ನಡೆದ್ಲಾ?" "ಹೋಗಿ ನೋಡಿ." ಅಲ್ಲಿಗೆ ಮಾತು ನಿಲ್ಲುತ್ತಿತ್ತು. ಆರು ದಿನ ಹೀಗೇ ಕಳೆಯಿತು. ಇಬ್ಬರಿಗೂ ಸರಿಯಾಗಿ ನಿದ್ದೆ ಇಲ್ಲ. ಮಾಡಿದ್ದು ಸರಿಯೋ ತಪ್ಪೋ ಎಂದು ಜಯಶೀಲಳ ಮನಸ್ಸು ತಿರುತಿರುಗಿ ಅಲ್ಲಿಗೇ ಹೋಗುತ್ತಿತ್ತು. ತಾಯಿ ಮಗನನ್ನು ದೂರ ಮಾಡಿದೆನೇನೋ ಎಂದು ಹೆದರಿಕೆ.

ಏಳನೇ ದಿನ, ಭಾನುವಾರ ಮಧ್ಯಾಹ್ನ, ಗುರವ್ವನ ಮನೆಯ ಹೊಸ್ತಿಲಲ್ಲಿ ಅಂಜಿನಯ್ಯ ನಿಂತಿದ್ದ. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು.

"ರಾಮಯ್ಯನ ಮನೆಗೆ ನಾನು ಬರಲ್ಲ. ಆದ್ರೆ ಇದು ನಿಮ್ಮ ಮನೆ ಅಲ್ವೇನಮ್ಮ?" ಎಂದು ಗುರವ್ವನನ್ನು ಕೇಳಿದ.

"ಬಾಡಿಗಿ ಕೊಡೂ ತನಕ ನಮ್ದ ರೀ. ಬರ್ರಿ."

ಅಂಜಿನಯ್ಯ ಒಳಗೆ ಬಂದು ಚಿಕ್ಕವ್ವನ ಕಾಲು ಮುಟ್ಟಿದ. ಬೋರಮ್ಮ ಅವನ ಕೈಗೆ ರಪ್ಪನೆ ಒಂದು ಏಟು ಕೊಟ್ಟರು. "ಥೂ ನಿನ್ನ! ಮುದುಕಿ ಸೂರಿಗೆ ಅರ್ಜಿ ಹಾಕ್ತಿಯೇನೋ ಮುಂಡೇದೆ! ಕುಂತ್ಕೊ, ರೊಟ್ಟಿ ತಿನ್ನು." ಅಂಜಿನಯ್ಯ ಕಣ್ಣೊರೆಸಿಕೊಂಡು ಚಾಪೆಯ ಮೇಲೆ ಕೂತ. ಗುರವ್ವ ಬಿಸಿ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಹಾಕಿದಳು.

ಆಗ ಮೆಟ್ಟಿಲಲ್ಲಿ ಚಪ್ಪಲಿ ಸದ್ದಾಯಿತು. ರಾಮಯ್ಯ ಇಳಿದು ಬಂದವರು ಬಾಗಿಲ ನೇರಕ್ಕೆ ಬಂದು, ಒಳಗೆ ಕೂತವನನ್ನು ಕಂಡು, ನಿಂತುಬಿಟ್ಟರು. ಅಂಜಿನಯ್ಯನ ಕೈಯ ತುತ್ತು ಅಲ್ಲೇ ನಿಂತಿತು. ಒಲೆಯ ಮೇಲೆ ರೊಟ್ಟಿ ಸೀದ ವಾಸನೆ ಬಂತು. ಜಯಶೀಲಳಿಗೆ ಗೊತ್ತಿತ್ತು, ಇನ್ನೊಂದು ಗಳಿಗೆ ಹೀಗೇ ಹೋದರೆ ಈ ಮನುಷ್ಯ ತಿರುಗಿ ಮೇಲೆ ಹೋಗುತ್ತಾರೆ.

"ವಾಕರ್ ಕೊಡಮ್ಮಿ," ಎಂದರು ಬೋರಮ್ಮ.

"ಈಗ ಬೇಡ ಅತ್ತೆ, ಊಟದ ಹೊತ್ತು..."

"ಕೊಡು ಅಂದೆ."

ಮಂಚದಿಂದ ಬಾಗಿಲಿಗೆ ಹನ್ನೊಂದು ಹೆಜ್ಜೆ. ಅಲ್ಲಿಯ ತನಕ ಅವರು ಒಂದೇ ಸಲಕ್ಕೆ ಐದರ ಮೇಲೆ ಇಟ್ಟಿರಲಿಲ್ಲ. ಆರನೆಯದಕ್ಕೆ ಕಾಲು ನಡುಗಿತು. ಜಯಶೀಲ ತೋಳು ಹಿಡಿಯಲು ಹೋದಳು, ಮುದುಕಿ ಮೊಣಕೈಯಿಂದ ತಳ್ಳಿದರು. ಎಂಟು. ಒಂಬತ್ತು. ಹಣೆಯಲ್ಲಿ ಬೆವರು. ರಾಮಯ್ಯ ಹೊರಗಿನಿಂದ ಎರಡೂ ಕೈ ಚಾಚಿದರು, ಆದರೆ ಹೊಸ್ತಿಲು ದಾಟಲಿಲ್ಲ. ಹನ್ನೊಂದನೆಯ ಹೆಜ್ಜೆಗೆ ಬೋರಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತರು. ತಾಯಿ ಒಳಗೆ, ಮಗ ಹೊರಗೆ. ನಡುವೆ ಅಂಗೈ ಅಗಲದ ಮರದ ಪಟ್ಟಿ.

"ಮುರಿದಿರೋ ಸೊಂಟ ಇಟ್ಕೊಂಡು ನಾನು ಇಲ್ಲೀಗಂಟ ಬಂದೆ," ಎಂದರು ಬೋರಮ್ಮ ಏದುಸಿರಿನಲ್ಲಿ. "ಗಟ್ಟಿಯಾಗಿರೋ ನಿನಗೆ ಒಂದೆಜ್ಜೆ ಒಳಿಕ್ಕೆ ಇಡಕ್ಕಾಗಾಕಿಲ್ವೇನ್ಲಾ ರಾಮ?"

ರಾಮಯ್ಯ ತಾಯಿಯ ಮುಖ ನೋಡಲಾರದೆ ಆಚೆ ನೋಡಿದರು, ಅಲ್ಲಿ ಒಲೆಯ ಮುಂದೆ ಗುರವ್ವ ಕೂತಿದ್ದಳು. ನಾಲ್ಕು ವರ್ಷ ಆ ಬಾಗಿಲನ್ನು ತಳ್ಳಿಕೊಂಡೇ ಬಂದ ಮನುಷ್ಯ ಚಪ್ಪಲಿ ಬಿಟ್ಟರು.

"ಗುರವ್ವಾರೆ," ಎಂದರು. ಧ್ವನಿ ಮೇಲೇಳಲಿಲ್ಲ. "ಒಳಗೆ ಬರ್ಲಾ?"

"ಬರ್ರಿ," ಎಂದಳು ಗುರವ್ವ. "ರೊಟ್ಟಿ ಬಿಸಿ ಅದಾವ."

ಅಂಜಿನಯ್ಯ ಯಾರ ಮುಖವನ್ನೂ ನೋಡದೆ ತನ್ನ ತಟ್ಟೆ ಎತ್ತಿಕೊಂಡು ಚಾಪೆಯ ಮೇಲೆ ಅರ್ಧ ಜಾಗ ಬಿಟ್ಟು ಆಚೆ ಸರಿದು ಕೂತ.